ಬೆಳ್ಳಗಿರುವ ಬೆಳ್ಳಿಯೆಲ್ಲ

ಇಂಗ್ಲೆಂಡಿನ ಹಳೆಯ ಬೆಳ್ಳಿ ನಾಣ್ಯದ ಫೋಟೊ ಹಾಕಿ, ಅದರಡಿ ‘ಪ್ರೂಫ್ ಕಂಡೀಷನ್’ ಎಂದು ಬರೆದು, ಬೆಲೆಗೆ ಒಂದು ಸೊನ್ನೆ ಜಾಸ್ತಿ ಸೇರಿಸುವವರಿದ್ದಾರೆ. ಆ ಎರಡು ಪದ ಒಂದೇ ಮಣೆಯ ಮೇಲೆ ಕೂರುವಂಥವಲ್ಲ. ಪ್ರೂಫ್ ಎಂದರೆ ಚಲಾವಣೆಗಲ್ಲದೆ ಸಂಗ್ರಹಕ್ಕೆಂದು ವಿಶೇಷವಾಗಿ ಒತ್ತಿದ ನಾಣ್ಯ. ಅದು ನಾಣ್ಯದ ಹುಟ್ಟು, ಕಂಡೀಷನ್ ಅದು ಬಾಳಿದ ಬಾಳು. ಅರಮನೆಯಲ್ಲಿ ಹುಟ್ಟಿ ಬೀದಿಪಾಲಾದವನೂ ರಾಜಕುಮಾರನೇ. ಬೀದಿಯಲ್ಲಿ ಹುಟ್ಟಿದವನಿಗೆ ಜರತಾರಿ ಪೇಟ ಸುತ್ತಿದರೆ ಮದುಮಗ ಆದಾನು, ಅಷ್ಟೆ. ಇಷ್ಟು ಹೇಳಿದರೂ ‘ಫಳಫಳ ಅಂತಿದೆಯಲ್ಲ ಸ್ವಾಮಿ’ ಎಂಬ ಉತ್ತರ ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬೂ ಫಳಫಳ ಅನ್ನುತ್ತದೆ.

ಆದ್ದರಿಂದ ರಾಜನ ಮುಖ ಬಿಟ್ಟು ಅಂಚಿನಿಂದ ಶುರು ಮಾಡಬೇಕು. ಪ್ರೂಫ್ ಬಿಲ್ಲೆಯ ಮೇಲೆ ಅಚ್ಚು ಒಂದಕ್ಕಿಂತ ಹೆಚ್ಚು ಸಲ, ಹೆಚ್ಚು ಒತ್ತಡದಲ್ಲಿ ಕೂರುವುದರಿಂದ ಲೋಹ ಮೂಲೆಮೂಲೆಗೂ ನುಗ್ಗಿರುತ್ತದೆ. ಅಂಚಿನ ಕೋನ ಉಳಿಯಲ್ಲಿ ಕಡಿದ ಕಲ್ಲಿನಷ್ಟು ನೇರ. ಒಳಸುತ್ತಿನ ಮಣಿಗಳು ಒಂದೊಂದೂ ಬಿಡಿಬಿಡಿ. ಪೇಟೆಗೆ ಹೊರಟ ಸಾಮಾನ್ಯ ನಾಣ್ಯದಲ್ಲಿ ಕೋನ ತುಸು ದುಂಡಗಾಗಿ, ಮಣಿಗಳು ಅಂಚಿಗೆ ಅಂಟಿಕೊಂಡಂತಿರುತ್ತವೆ.

ಆಮೇಲೆ ಬೆಳಕು. ಟ್ಯೂಬ್‌ಲೈಟ್ ಬೇಡ, ಅದು ಎಲ್ಲರನ್ನೂ ಒಳ್ಳೆಯವರಂತೆ ತೋರಿಸುತ್ತದೆ. ಒಂಟಿ ಬಲ್ಬಿನಡಿ, ಅಂಚನ್ನಷ್ಟೇ ಹಿಡಿದು, ನಿಧಾನವಾಗಿ ವಾಲಿಸಿ. ಬೆಳಕು ಗಾಡಿಚಕ್ರದ ಅರೆಕಾಲುಗಳ ಹಾಗೆ ಸುತ್ತಿದರೆ ಅದು ಸಾಮಾನ್ಯ ಟಂಕ. ಸಾವಿರಾರು ಏಟಿನಲ್ಲಿ ಲೋಹ ನಡುವಿನಿಂದ ಅಂಚಿಗೆ ಹರಿದು ಹರಿದು ಅಚ್ಚಿನ ಮೈಮೇಲೆ ಬಿಟ್ಟ ಗೆರೆಗಳೇ ಹಾಗೆ ಸುತ್ತುವುದು. ಪ್ರೂಫ್ ಅಚ್ಚು ಅಷ್ಟು ದುಡಿದಿರುವುದಿಲ್ಲ. ಚಿತ್ರ, ಅಕ್ಷರ ಇಲ್ಲದ ಅದರ ಬಯಲು ಕನ್ನಡಿಯಂತೆ ಥಟ್ಟನೆ ಕಪ್ಪು, ಥಟ್ಟನೆ ಬಿಳುಪು.

ಆಗಲೂ ಕೈಕೊಡುವುದು ಪಾಲಿಶ್ ಹಾಕಿಸಿಕೊಂಡ ನಾಣ್ಯ. ಇದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ ಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಗೀರು ಉಬ್ಬೋ, ತಗ್ಗೋ? ಅಚ್ಚನ್ನು ಉಜ್ಜಿದಾಗ ಅದರಲ್ಲಿ ಬಿದ್ದ ತಗ್ಗು ಗೀರು ನಾಣ್ಯದಲ್ಲಿ ಉಬ್ಬಾಗಿ ಮೂಡುತ್ತದೆ, ಬಯಲಿನಲ್ಲೇ ಓಡಿ ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ. ನಾಣ್ಯವನ್ನೇ ಉಜ್ಜಿದ್ದರೆ ಗೀರು ತಗ್ಗು. ಅದು ಅಕ್ಷರ ಹತ್ತಿ, ರಾಣಿಯ ಕೆನ್ನೆ ದಾಟಿ ಆಚೆಗೂ ಹೋಗುತ್ತದೆ. ದೇವರ ದೀಪ ಬೆಳಗಿದ ಹಾಗೆ ವಿಭೂತಿ ಹಚ್ಚಿ ತಿಕ್ಕಿದ ಬೆಳ್ಳಿಯಲ್ಲಿ ಕಾಣುವುದೂ ಈ ತಗ್ಗು ಗೀರುಗಳೇ. ದೀಪಕ್ಕೆ ತೊಂದರೆಯಿಲ್ಲ. ನಾಣ್ಯದ ಕಥೆ ಅಲ್ಲಿಗೆ ಮುಗಿಯಿತು.

ಹೊಳಪನ್ನೇ ನಂಬುವವರಿಗೆ ಬುದ್ಧಿ ಕಲಿಸಲೆಂದೇ ಹುಟ್ಟಿದಂತಿವೆ 1902ರ ಪ್ರೂಫ್‌ಗಳು. ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕ ಜೂನ್ 26ಕ್ಕೆ ಗೊತ್ತಾಗಿತ್ತು. ಅರಸರ ಅಪೆಂಡಿಕ್ಸ್ ಒಪ್ಪಲಿಲ್ಲ, ಆಗಸ್ಟ್ 9ಕ್ಕೆ ಹೋಯಿತು. ಆ ಸಡಗರಕ್ಕೆ ಅಲ್ಲಿನ ಸರ್ಕಾರಿ ಟಂಕಸಾಲೆಯಾದ ರಾಯಲ್ ಮಿಂಟ್ ಹದಿಮೂರು ನಾಣ್ಯಗಳದೊಂದು, ಹನ್ನೊಂದರದೊಂದು ಪೆಟ್ಟಿಗೆ ಮಾಡಿತು. ಒಳಗೆ ನೋಡಿದರೆ ಕನ್ನಡಿಯೇ ಇಲ್ಲ! ಅಚ್ಚಿನ ಮೇಲೆ ಮರಳು ಚಿಮ್ಮಿಸಿ ಇಡೀ ಮೈಯನ್ನು ಮಂಕು ಮಾಡಿದ್ದರು. ಬಯಲೂ ಮಂಕು, ಅರಸರ ಗಡ್ಡವೂ ಮಂಕು, ಕ್ರೌನ್ ಎಂಬ ಐದು ಶಿಲ್ಲಿಂಗ್ ನಾಣ್ಯದ ಹಿಂಬದಿಯಲ್ಲಿ ಡ್ರ್ಯಾಗನ್ ತುಳಿಯುವ ಸೇಂಟ್ ಜಾರ್ಜನ ಕುದುರೆಯೂ ಮಂಕು. ಪೆಟ್ಟಿಗೆ ತೆರೆದ ಮೊಮ್ಮಕ್ಕಳು ‘ಅಯ್ಯೋ, ಕೊಳೆ ಹಿಡಿದಿದೆ’ ಎಂದು ಬಟ್ಟೆ ತೆಗೆದುಕೊಳ್ಳದೆ ಇನ್ನೇನು ಮಾಡಿಯಾರು? ನಾಲ್ಕು ಸಲ ಒರೆಸಿದರೆ ಸಾಕು. ಮೊದಲು ಕೆನ್ನೆ, ಆಮೇಲೆ ಹುಬ್ಬು, ಆಚೆ ಬದಿಯಲ್ಲಿ ಕುದುರೆಯ ಹಿಂಭಾಗ, ಹೀಗೆ ಎತ್ತರದ ಜಾಗಗಳು ಒಂದೊಂದಾಗಿ ಮಿನುಗತೊಡಗುತ್ತವೆ. ಪ್ರೂಫ್ ಪ್ರೂಫಾಗಿಯೇ ಉಳಿಯಿತು, ಬೆಲೆ ಮಾತ್ರ ಬಟ್ಟೆಗೆ ಹತ್ತಿಕೊಂಡು ಹೋಯಿತು. ಅದೇ ವರ್ಷದ ಸಾಮಾನ್ಯ ಕ್ರೌನ್‌ಗಳೂ ಇವೆಯಾದ್ದರಿಂದ ಇನ್ನೊಂದು ಜಾತಿಯ ಜಾಣರು ಅದಕ್ಕೇ ಮರಳು ಹೊಡೆಸಿ ‘ಮ್ಯಾಟ್ ಪ್ರೂಫ್’ ಎನ್ನಬಹುದು. ಮತ್ತದೇ ಪ್ರಶ್ನೆ. ಅಚ್ಚಿನಿಂದ ಬಂದ ಮಂಕಿನಲ್ಲಿ ಕಣ ಉಬ್ಬಿರುತ್ತದೆ, ಅಕ್ಷರದ ಕೋನ ಚೂಪಾಗಿಯೇ ಇರುತ್ತದೆ. ನಾಣ್ಯಕ್ಕೇ ಮರಳು ಬಿದ್ದಿದ್ದರೆ ಸೂಜಿ ಚುಚ್ಚಿದಂಥ ಗುಳಿ, ಅಕ್ಷರದ ಕೋನ ನೆನೆದ ರಸ್ಕಿನಂತೆ ಮೆತ್ತಗೆ.

ಇದಕ್ಕೆ ತದ್ವಿರುದ್ಧ ವಿಕ್ಟೋರಿಯಾ ರಾಣಿಯ ಕಾಲದ 1887ರ ನಾಣ್ಯಗಳು. ಹೊಸ ಅಚ್ಚಿನಿಂದ ಮೊದಲು ಬಿದ್ದ ಸಾಮಾನ್ಯ ನಾಣ್ಯಗಳೇ ಕನ್ನಡಿಯಂತಿದ್ದು, ಓದಿಕೊಂಡವರನ್ನೂ ಬೀಳಿಸುತ್ತವೆ. ಅಲ್ಲಿ ಮತ್ತೆ ಅಂಚಿಗೇ ಶರಣು. 1831, 1839ರ ಪೆಟ್ಟಿಗೆಯ ಪ್ರೂಫ್‌ಗಳ ಹೊರ ಅಂಚಿನಲ್ಲಿ ಗೆರೆಗಳೇ ಇಲ್ಲ, ನುಣ್ಣಗಿದೆ ಎಂದು ಹೇಳಿದರೆ, ಸಾಮಾನ್ಯ ನಾಣ್ಯದ ಗೆರೆಗಳಿಗೆ ಅರ ಹಾಕಿ ನುಣ್ಣಗೆ ಮಾಡಲು ಯಾರಿಗಾದರೂ ಹೊಳೆದೀತು. ತಕ್ಕಡಿಗೆ ಹಾಕಿ: ಶಿಲ್ಲಿಂಗ್ 5.65 ಗ್ರಾಂ ಆಸುಪಾಸು, ಅರ್ಧ ಕ್ರೌನ್ 14.14. ಅರ ತಿಂದದ್ದು ತೂಕದಲ್ಲಿ ಸಿಕ್ಕಿಬೀಳುತ್ತದೆ.

ಒಂದೇ ಒಂದು ಕಡೆ ಲೂಪೂ ಬೇಡ, ಬಲ್ಬೂ ಬೇಡ. 1927ರಲ್ಲಿ ಫ್ಲೋರಿನ್ ಎಂಬ ಎರಡು ಶಿಲ್ಲಿಂಗ್ ನಾಣ್ಯವನ್ನು ಚಲಾವಣೆಗೆಂದು ಟಂಕಿಸಲೇ ಇಲ್ಲ. ಆದದ್ದು ಸುಮಾರು 15,000, ಅಷ್ಟೂ ಪ್ರೂಫ್. ಪೆಟ್ಟಿಗೆ ಒಡೆದು ಯಾರೋ ಖರ್ಚು ಮಾಡಿ, ಜೇಬಿಂದ ಜೇಬಿಗೆ ಅಲೆದು ಸವೆದು, ಬೂದಿ ಬಣ್ಣಕ್ಕೆ ತಿರುಗಿ ಚಿಲ್ಲರೆ ಡಬ್ಬಿಯ ತಳದಲ್ಲಿ ಬಿದ್ದಿರುವ 1927ರ ಫ್ಲೋರಿನ್ ಸಿಕ್ಕಿದರೆ, ಇಸವಿ ಓದುವಷ್ಟು ಉಳಿದಿದ್ದರೆ ಸಾಕು. ಅದಕ್ಕೆ ಮಾತ್ರ ಯಾರೂ ‘ಪ್ರೂಫ್ ಕಂಡೀಷನ್’ ಎಂದು ಬರೆಯುವುದಿಲ್ಲ.