ಕಣ್ಣು ದಾನ ಮಾಡಿದ್ದಕ್ಕೆ ಇಗರ್ಜಿ ತಡೆದಿಲ್ಲ

ನಮ್ಮ ಬಾಪ್ಪು ತೀರಿಕೊಂಡ ಮೇಲೆ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕಣ್ಣು ದಾನ ಮಾಡಿದ್ದಕ್ಕೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಅಂತ್ಯಕ್ರಿಯೆಯ ಬಲಿಪೂಜೆ, ಅಂದರೆ ಮಾಸ್, ಆಗಲಿಲ್ಲ, ಮುಖವೂ ಕೆಟ್ಟಿತ್ತು ಅಂತ. ಎರಡೂ ಸುಳ್ಳು. ಪೂಜೆ ಆಗಿದೆ, ಪೆಟ್ಟಿಗೆ ತೆರೆದೇ ಇತ್ತು, ಊರೆಲ್ಲ ನೋಡಿದೆ.

ಕಥೋಲಿಕ ಧರ್ಮಸಭೆ ಅಂಗದಾನ ಬೇಡ ಅನ್ನುವುದಿಲ್ಲ. ಪೋಪ್ ಎರಡನೇ ಜಾನ್ ಪಾಲ್ 1995ರಲ್ಲೇ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಅದನ್ನು ಹೊಗಳಿ ಬರೆದಿದ್ದರು.

ಇನ್ನು ‘ನಾಲ್ಕು ಜನರಿಗೆ ದೃಷ್ಟಿ ಬಂತು’ ಅಂತಲೂ ಸೇರಿಸಿದ್ದಾರೆ. ಅದನ್ನು ನಮಗೆ ಯಾರೂ ಹೇಳಿಲ್ಲ, ಸುಮ್ನೆ ಬರೆದದ್ದು. ಸಾಮಾನ್ಯವಾಗಿ ಒಬ್ಬರ ಎರಡು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಇಬ್ಬರಿಗೆ ಹೋಗುತ್ತವೆ. ಸಾವಾಗಿ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಕನ್ನಡಕ ಹಾಕುವವರೂ ಕೊಡಬಹುದು, ಬಾಪ್ಪು ದಪ್ಪ ಕನ್ನಡಕದವರೇ ಅಲ್ವಾ.

ಭಾನುವಾರ ಇಗರ್ಜಿಯಲ್ಲಿ ಪಿಟೀಲು, ರಾತ್ರಿ ಬಯಲಾಟಕ್ಕೆ ಚೆಂಡೆ, ಹಗಲು ಮರಗೆಲಸ, ನಡುವೆ ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಇಷ್ಟೆಲ್ಲ ಮಾಡಿದ ಮನುಷ್ಯನ ಬಗ್ಗೆ ಬರೆಯಲು ಬೇಕಾದಷ್ಟಿದೆ, ಅದನ್ನು ಬರೆಯಿರಿ. ಆ ಮೆಸೇಜ್ ಬಂದರೆ ಇದನ್ನು ಕೆಳಗೆ ಹಾಕಿ.