ವೈನಿಗೆ ಹೇಳದ ಕಾಯಿಲೆ

ಕಳೆದ ದೀಪಾವಳಿಗೆ ಮ್ಯಾಂಚೆಸ್ಟರ್‌ನಿಂದ ಹುಬ್ಬಳ್ಳಿಗೆ ಬಂದಿದ್ದೆ. ಬ್ಯಾಡಗಿಯ ಬಾಲ್ಯದ ಗೆಳೆಯ ಊಟವಾದ ಮೇಲೆ ನನ್ನನ್ನು ಅಂಗಳಕ್ಕೆ ಕರೆದೊಯ್ದ. ಮೂರು ತಿಂಗಳಿಂದ ಉರಿಮೂತ್ರ, ಕೀವು. ಯಾವುದೋ ಅಂಗಡಿಯವರು ವೈದ್ಯರ ಚೀಟಿ ಕೇಳದೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ವಾಸಿಯಾಗದಿದ್ದಾಗ ಇನ್ನೊಂದು ಅಂಗಡಿಯಲ್ಲಿ ಸೆಫಿಕ್ಸಿಮ್ ಎಂಬ ಮತ್ತೊಂದು ಆ್ಯಂಟಿಬಯಾಟಿಕ್.

“ವೈನಿಗೆ ಗೊತ್ತಿದೆಯೇ?” ಎಂದೆ, ಅವನ ಹೆಂಡತಿಯನ್ನು ನೆನೆದು. ತಲೆ ತಗ್ಗಿಸಿದ.

ಅವನ ಲಕ್ಷಣಗಳು ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ರೋಗದವು. ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಒಂದೊಂದಾಗಿ ಈ ರೋಗದೆದುರು ಸೋತಿವೆ. ಈ ಬ್ಯಾಕ್ಟೀರಿಯಾ ಗಂಟಲಿನಲ್ಲಿರುವ ನಿರುಪದ್ರವಿ ದಾಯಾದಿಗಳಿಂದಲೂ ಪ್ರತಿರೋಧದ ವಂಶವಾಹಿಗಳನ್ನು ಪಡೆಯುತ್ತದೆ. ನೆಗಡಿಗೆಂದು ನುಂಗಿದ ಆ್ಯಂಟಿಬಯಾಟಿಕ್ ಕೂಡ ಇದಕ್ಕೆ ದಾರಿ ಮಾಡಿಕೊಡಬಹುದು.

ನಾನಿರುವ ಊರಿನಲ್ಲಿ ಇಂಥ ರೋಗಿಯಿಂದ ಮೊದಲು ಮಾದರಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುತ್ತಾರೆ. ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಕೊಟ್ಟು, ಮತ್ತೆ ಕರೆಸಿ ಪರೀಕ್ಷಿಸುತ್ತಾರೆ. ರೋಗಿಯ ಹೆಸರು ಹೇಳದೆಯೇ ಸಂಗಾತಿಗೆ ಸುದ್ದಿ ಮುಟ್ಟಿಸುತ್ತಾರೆ. ಎಲ್ಲ ಉಚಿತ. ಇಷ್ಟಾದರೂ 2023ರಲ್ಲಿ ಇಂಗ್ಲೆಂಡಿನಲ್ಲಿ 85,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಆದ್ದರಿಂದ ಅಲ್ಲಿಯವರನ್ನು ಸುಮ್ಮನೆ ಹೊಗಳಲಾರೆ. ಆದರೆ ಮತ್ತೆ ಪರೀಕ್ಷಿಸುವುದರ ಲಾಭ ನೋಡಿ: 2018ರಲ್ಲಿ ಅಲ್ಲಿಯ ಒಬ್ಬ ರೋಗಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ಮೂತ್ರನಾಳ ಶುದ್ಧವಾದರೂ ಗಂಟಲಿನಲ್ಲಿ ಸೋಂಕು ಉಳಿದಿತ್ತು. ಮತ್ತೆ ಪರೀಕ್ಷಿಸಿದ್ದರಿಂದಲೇ ಅದು ತಿಳಿಯಿತು. ಕೊನೆಗೆ ಎರ್ಟಾಪೆನೆಮ್ ಎಂಬ ಬೇರೊಂದು ಆ್ಯಂಟಿಬಯಾಟಿಕ್ ಅನ್ನು ರಕ್ತನಾಳದ ಮೂಲಕ ಕೊಟ್ಟು ಗುಣಪಡಿಸಿದರು.

ನಮ್ಮಲ್ಲಿ ಔಷಧ ಸೋತ ಸುದ್ದಿ ಪ್ರಯೋಗಾಲಯ ತಲುಪುವುದೇ ಇಲ್ಲ. ಅದು ಎರಡನೇ ಅಂಗಡಿಯ ವ್ಯಾಪಾರವಾಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ. 2014ರಿಂದ ಸೆಫಿಕ್ಸಿಮ್ ಮಾರುವವರು ವೈದ್ಯರ, ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಗೆಳೆಯನ ಹೆಸರನ್ನು ಯಾರೂ ಕೇಳಲಿಲ್ಲ. ಅವನಿಗೂ ಬೇಕಾದದ್ದು ಅದೇ. ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ‘ಗುಪ್ತ ರೋಗ’ ಎಂದು ಓದುತ್ತಲೇ ಬೆಳೆದವರು ನಾವು.

ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಉಚಿತ ಚಿಕಿತ್ಸೆಯಿದೆ, ಸಂಗಾತಿಗೂ ಔಷಧ ಕೊಡುತ್ತಾರೆ. ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣ ನೋಡಿಯೇ ಕೊಡುವ ಪದ್ಧತಿ ಅದು. ಮತ್ತೆ ಬರುವನೋ ಇಲ್ಲವೋ ಎಂಬ ರೋಗಿಗೆ ಅದೇ ದಿನ ಔಷಧ ಸಿಗುವುದು ದೊಡ್ಡದು, ಒಪ್ಪುತ್ತೇನೆ. ಆದರೆ ಒಮ್ಮೆ ಔಷಧ ನಾಟದವನಿಗಾದರೂ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಆಗಲೇಬೇಕು.

ವೈನಿಯ ಯೋಚನೆ ನನ್ನನ್ನು ಬಿಡುತ್ತಿಲ್ಲ. ಹೆಂಗಸರಲ್ಲಿ ಎಷ್ಟೋ ಸಲ ಈ ರೋಗ ಲಕ್ಷಣವನ್ನೇ ತೋರದೆ ಗರ್ಭನಾಳಗಳನ್ನು ಕೆಡಿಸಿ ಬಂಜೆತನ ತರಬಲ್ಲದು. ಮಗುವಾಗದಿದ್ದರೆ ಮಾತು ಕೇಳುವವಳೂ ಅವಳೇ.

ಇಬ್ಬರೂ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ಹೇಳಿ ಬಂದೆ. ಗೆಳೆಯ ಒಬ್ಬನೇ ಹೋಗಿ ಬಂದನಂತೆ. ಪ್ರತಿ ಭಾನುವಾರ ಫೋನ್ ಮಾಡಿ, ವೈನಿಗೆ ಹೇಳಿದೆಯಾ ಎಂದು ಕೇಳುತ್ತಿದ್ದೇನೆ.