ಹೊಲಿಗೆ ಮೆಷಿನ್‌ಗೆ ಜಾಗವಿಲ್ಲ, ಪೆಟ್ರೋಲ್ ಕ್ಯಾನಿಗೆ ಟಿಕೆಟ್ಟೂ ಬೇಡ

ಅಕ್ಕನ ಹೊಲಿಗೆ ಮೆಷಿನ್ ರಿಪೇರಿ ಆಗಿತ್ತು. ಸ್ಟ್ಯಾಂಡ್ ಅಲ್ಲ, ಮೇಲಿನ ತಲೆ ಮಾತ್ರ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಗಟ್ಟಿ ಚೀಲಕ್ಕೆ ಹಾಕಿ, ನಾವಿಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು ಬಸ್ಸಿಗೆ ಕಾದೆವು. ಹನ್ನೆರಡು ಕಿಲೋ ಇರಬಹುದು. ಬಸ್ ಬಂತು. ಅರ್ಧ ಖಾಲಿ ಇತ್ತು. ಅಕ್ಕ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು, ಅಷ್ಟರಲ್ಲಿ ಕಂಡಕ್ಟರ್ ಕೇಳಿದರು, "ಏನಮ್ಮ ಅದು?"

"ಹೊಲಿಗೆ ಮೆಷಿನ್."

"ಮೆಷಿನ್ ಗಿಷಿನ್ ಎಲ್ಲ ಹಾಕೋ ಹಾಗಿಲ್ಲ. ಇಳೀರಿ."

ಯಾಕೆ ಎಂದು ಅಕ್ಕ ಕೇಳಿದಳು. "ರೂಲ್ಸ್ ಇದೆ" ಎಂದರು. ಎಲ್ಲಿ ಬರೆದಿದೆ ಎಂದು ನಾನು ಕೇಳುವ ಹೊತ್ತಿಗೆ ಸೀಟಿ ಊದಿ ಆಗಿತ್ತು.

ನಲವತ್ತು ನಿಮಿಷ ಬಿಟ್ಟು ಅದೇ ದಾರಿಯ ಇನ್ನೊಂದು ಬಸ್ ಬಂತು. ಈ ಕಂಡಕ್ಟರ್ ತಾವೇ ಚೀಲಕ್ಕೆ ಕೈ ಹಾಕಿ ಎತ್ತಿಕೊಂಡರು. "ಸೀಟಿನ ಕೆಳಗೆ ತಳ್ಳಿ ಅಕ್ಕ, ಓಡಾಡೋ ದಾರಿಗೆ ಬರಬಾರದು ಅಷ್ಟೆ" ಎಂದರು. ಅದೇ ದಿನ, ಅದೇ ರೂಟ್, ಅದೇ ಮೆಷಿನ್. ಅಕ್ಕನ ಮುಖ ನೋಡಿದೆ. ಮೊದಲ ಬಸ್ಸಿನವರು ಇಳಿಸಿದಾಗ ಅವಳಿಗೆ ಎಲ್ಲರೆದುರು ಅವಮಾನವಾಗಿತ್ತು. ಅದು ಇನ್ನೂ ಇಳಿದಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಎರಡು ಸ್ಟಾಪ್ ದಾಟಿದ ಮೇಲೆ ಪೆಟ್ರೋಲ್ ವಾಸನೆ ಬರತೊಡಗಿತು. ಬಸ್ಸಿನದೇ ಇರಬೇಕು ಅಂದುಕೊಂಡೆ. ಅಲ್ಲ. ಎರಡು ಸೀಟು ಮುಂದೆ ಒಬ್ಬರು ಕಾಲುಗಳ ನಡುವೆ ಐದು ಲೀಟರಿನ ಕ್ಯಾನ್ ಇಟ್ಟುಕೊಂಡಿದ್ದರು. ಮುಚ್ಚಳ ಇರಲಿಲ್ಲ. ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಕಂಡಕ್ಟರ್ ಅವರಿಗೆ ಟಿಕೆಟ್ ಕೊಟ್ಟು ಮುಂದೆ ಹೋದರು. ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಪೆಟ್ರೋಲ್ ಬಗ್ಗೆ ಒಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದ ಏಳುವ ಆವಿ. ಆ ಆವಿ ಏಳುವುದಕ್ಕೆ ಬಿಸಿಲೂ ಬೇಕಿಲ್ಲ. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬರುತ್ತದೆ. ಗಾಳಿಗಿಂತ ಭಾರ ಬೇರೆ. ಮೇಲೆ ಹೋಗಿ ಕಿಟಕಿಯಿಂದ ಆಚೆ ಹೋಗುವ ಬದಲು ಕೆಳಗೆ, ಕಾಲಿನ ಹತ್ತಿರ, ಸೀಟುಗಳ ಅಡಿಯಲ್ಲಿ ಹರಡಿಕೊಳ್ಳುತ್ತದೆ. ಗ್ಯಾಸ್ ಸಿಲಿಂಡರಿನ ಅನಿಲವೂ ಹೀಗೆಯೇ ತಳ ಹಿಡಿಯುತ್ತದೆ. ಎಲ್ಲೋ ಒಂದು ಕಿಡಿ ಸಾಕು.

ಚೀನಾದ ಚೆಂಗ್ಡುವಿನಲ್ಲಿ 2009ರ ಜೂನ್‌ನಲ್ಲಿ ತುಂಬಿದ ಸಿಟಿ ಬಸ್ಸೊಂದು ಹೊತ್ತಿ ಉರಿದು 27 ಜನ ಸತ್ತರು. ನಾಲ್ಕು ವರ್ಷ ಕಳೆದು, 2013ರ ಜೂನ್‌ನಲ್ಲಿ, ಶಿಯಾಮೆನ್ ನಗರದ ಬಸ್ಸಿನಲ್ಲಿ 47 ಜನ. ಎರಡೂ ಕಡೆ ಒಬ್ಬ ಪ್ರಯಾಣಿಕ ಪೆಟ್ರೋಲ್ ಹಿಡಿದು ಹತ್ತಿದ್ದ. ಬೇಕೆಂದೇ ಹಚ್ಚಿದ ಬೆಂಕಿ ಅವು, ನಿಜ. ನಮ್ಮ ಬಸ್ಸಿನಲ್ಲಿದ್ದ ಮನುಷ್ಯನಿಗೆ ಅಂಥ ಯೋಚನೆ ಇರಲಿಲ್ಲ, ಪಾಪ, ಎಲ್ಲೋ ಗಾಡಿ ನಿಂತುಹೋಗಿರಬೇಕು. ಆದರೆ ಬೆಂಕಿ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಕೊಂಡು ಹತ್ತುವುದಿಲ್ಲ. ಮುಚ್ಚಿದ ಬಸ್ಸಿನಲ್ಲಿ ಪೆಟ್ರೋಲ್ ಹೊತ್ತಿದರೆ ಎದ್ದು ಬಾಗಿಲಿಗೆ ಬರುವಷ್ಟು ಸಮಯವೂ ಸಿಗುವುದಿಲ್ಲ.

ಹಾಗಾದರೆ ಆ ದಿನ ನಡೆದದ್ದೇನು? ಯಾರಿಗೂ ತೊಂದರೆ ಕೊಡದ ಒಂದು ಕಬ್ಬಿಣದ ವಸ್ತುವನ್ನು ಇಳಿಸಿದರು, ಎಲ್ಲರನ್ನೂ ಸುಡಬಲ್ಲ ಕ್ಯಾನನ್ನು ಬಿಟ್ಟುಕೊಂಡರು. ಮೊದಲ ಕಂಡಕ್ಟರ್ ಕೆಟ್ಟವರು, ಎರಡನೆಯವರು ಒಳ್ಳೆಯವರು ಎಂದು ಹೇಳಿದರೆ ತಪ್ಪಾಗುತ್ತದೆ. ಇಬ್ಬರೂ ಕಣ್ಣಂದಾಜಿನಲ್ಲಿ ತೀರ್ಮಾನ ಮಾಡಿದರು. ಒಬ್ಬರಿಗೆ ಮೆಷಿನ್ ಎಂಬ ಹೆಸರು ಕೇಳಿ ಗಾಬರಿಯಾಯಿತು. ಇನ್ನೊಬ್ಬರಿಗೆ ಕ್ಯಾನ್ ಎಂದರೆ ಬರೀ ಕ್ಯಾನ್.

ನಾನು ಹೇಳಬೇಕೆಂದಿರುವುದು ಇದನ್ನೇ. ಬಸ್ಸಿನಲ್ಲಿ ಏನು ಒಯ್ಯಬಹುದು ಎಂಬ ನಿಯಮ ವಸ್ತುವಿನ ಹೆಸರನ್ನು ನೋಡಬಾರದು. ಅದರಿಂದ ಪಕ್ಕದವರಿಗೆ ಏನಾಗಬಹುದು ಎಂದು ನೋಡಬೇಕು. ಮತ್ತು ಆ ನಿಯಮ ನನಗೆ ಬಸ್ ಹತ್ತುವ ಮೊದಲು ಗೊತ್ತಾಗಬೇಕು, ಹತ್ತಿದ ಮೇಲೆ ಅಲ್ಲ.

ಭಾರದ ಮಾತನ್ನೇ ತೆಗೆದುಕೊಳ್ಳಿ. "ಭಾರ ಜಾಸ್ತಿ" ಎಂದು ಇಳಿಸುತ್ತಾರೆ. ಬಸ್ಸಿಗೆ ಹನ್ನೆರಡು ಕಿಲೋ ಒಂದು ಲೆಕ್ಕವೇ ಅಲ್ಲ. ಭಾರ ಎಷ್ಟು ಎನ್ನುವುದಕ್ಕಿಂತ ಅದನ್ನು ಎಲ್ಲಿ ಇಟ್ಟಿದ್ದೀರಿ ಎನ್ನುವುದು ಮುಖ್ಯ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ ಏನಕ್ಕಾದರೂ ಡಿಕ್ಕಿ ಹೊಡೆದು ನಿಂತರೆ ಒಳಗೆ ಬಿಡಿಯಾಗಿರುವ ಸಾಮಾನು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಆ ವೇಗ ಎಷ್ಟು ಗೊತ್ತಾ? ಸುಮಾರು ಹತ್ತು ಮೀಟರ್, ಅಂದರೆ ಮೂರು ಮಹಡಿಯ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗ. ಸೀಟಿನ ಕೆಳಗೆ ಒತ್ತರಿಸಿ ಇಟ್ಟ ಹನ್ನೆರಡು ಕಿಲೋದ ಮೆಷಿನ್‌ಗಿಂತ ತಲೆಯ ಮೇಲಿನ ರ‍್ಯಾಕಿನಲ್ಲಿ ಅರ್ಧ ಆಚೆ ಚಾಚಿಕೊಂಡ ನಾಲ್ಕು ಕಿಲೋದ ಪೆಟ್ಟಿಗೆ ಹೆಚ್ಚು ಅಪಾಯ. ಎರಡನೇ ಕಂಡಕ್ಟರ್ "ಸೀಟಿನ ಕೆಳಗೆ ತಳ್ಳಿ" ಎಂದದ್ದರಲ್ಲಿ ಇಡೀ ನಿಯಮವೇ ಇತ್ತು. ನಡುವಿನ ದಾರಿ ಖಾಲಿ ಇರಬೇಕು ಎನ್ನುವುದನ್ನು ಮಾತ್ರ ನಾನೂ ಒಪ್ಪುತ್ತೇನೆ, ಅದರಲ್ಲಿ ಯಾವ ರಿಯಾಯಿತಿಯೂ ಬೇಡ. ಹೊಗೆ ತುಂಬಿದಾಗ ಜನ ತಡಕಾಡಿಕೊಂಡು ಹೊರಗೆ ಬರುವುದು ಆ ದಾರಿಯಲ್ಲೇ.

ಕಾರಿನ ಹಳೆ ಬ್ಯಾಟರಿ, ಆ್ಯಸಿಡ್ ಬಾಟಲಿ, ಪಟಾಕಿ, ಥಿನ್ನರ್. ಇವುಗಳ ಬಗ್ಗೆ ಚರ್ಚೆಯೇ ಬೇಕಿಲ್ಲ. ಬೇಡ ಅಂದರೆ ಬೇಡ.

ನಿಜಕ್ಕೂ ತಲೆ ಕೆಡಿಸುವುದು ಹೊಸ ಬ್ಯಾಟರಿಗಳು. ನಿಂತುಕೊಂಡೇ ಓಡಿಸುವಂಥ ಪುಟ್ಟ ಇ-ಸ್ಕೂಟರ್ ಇವೆಯಲ್ಲ, ಮಡಚಿ ಕೈಯಲ್ಲಿ ಹಿಡಿಯಬಹುದು. ಬಸ್ ಇಳಿದು ಆಫೀಸಿನವರೆಗೆ ಹೋಗಲು ಎಷ್ಟೋ ಜನರಿಗೆ ಅನುಕೂಲ. ಆದರೆ 2021ರ ನವೆಂಬರ್‌ನಲ್ಲಿ ಲಂಡನ್ನಿನ ಪಾರ್ಸನ್ಸ್ ಗ್ರೀನ್ ನಿಲ್ದಾಣದಲ್ಲಿ ರೈಲಿನೊಳಗೇ ಅಂಥದ್ದೊಂದು ಸ್ಕೂಟರ್ ಹೊತ್ತಿಕೊಂಡಿತು. ಡಿಸೆಂಬರ್ 13ರಿಂದ ಆ ನಗರದ ಬಸ್, ಮೆಟ್ರೊ ಎಲ್ಲದರಲ್ಲೂ ಅವುಗಳನ್ನು ನಿಷೇಧಿಸಿದರು. ಮಡಚಿದ್ದರೂ ಇಲ್ಲ. ಬಾರ್ಸಿಲೋನಾದಲ್ಲೂ 2022ರ ನವೆಂಬರ್‌ನಲ್ಲಿ ರೈಲಿನಲ್ಲಿ ಒಂದು ಸ್ಕೂಟರ್ ಸಿಡಿಯಿತು, 2023ರ ಫೆಬ್ರವರಿ 1ರಿಂದ ಅಲ್ಲೂ ನಿಷೇಧ ಬಂತು.

ಮೊದಲು ಓದಿದಾಗ ಇದು ಅತಿಯಾಯಿತು ಅನಿಸಿತ್ತು. ಎಲ್ಲರ ಜೇಬಿನಲ್ಲೂ ಫೋನ್ ಇದೆ, ಅದರಲ್ಲೂ ಇದೇ ಲಿಥಿಯಂ ಬ್ಯಾಟರಿ ಅಲ್ವಾ? ಆಮೇಲೆ ಲೆಕ್ಕ ಹಾಕಿ ನೋಡಿದೆ. ಫೋನಿನ ಬ್ಯಾಟರಿಯಲ್ಲಿ ಹದಿನೈದು ಇಪ್ಪತ್ತು ವ್ಯಾಟ್-ಅವರ್ ಶಕ್ತಿ ಇರುತ್ತದೆ. ಇಂಥ ಸ್ಕೂಟರಿನಲ್ಲಿ ಎಷ್ಟೋ ಸಲ 300, 400, ಕೆಲವದರಲ್ಲಿ ಇನ್ನೂ ಜಾಸ್ತಿ. ಅಂದರೆ ಇಪ್ಪತ್ತು ಫೋನುಗಳನ್ನು ಒಂದೇ ಡಬ್ಬಿಯಲ್ಲಿ ಒತ್ತಿಟ್ಟ ಹಾಗೆ. ಒಳಗಿನ ಒಂದು ಸೆಲ್ ಕೆಟ್ಟು ಬಿಸಿಯಾದರೆ ಆ ಬಿಸಿಗೆ ಪಕ್ಕದ್ದು ಕೆಡುತ್ತದೆ, ಅದರ ಬಿಸಿಗೆ ಮತ್ತೊಂದು. ಹೊರಗಿನಿಂದ ಬೆಂಕಿ ಆರಿಸಿದರೂ ಒಳಗೆ ಬಿಸಿ ಏರುತ್ತಲೇ ಇರುತ್ತದೆ, ಆರಿತು ಅಂದುಕೊಂಡದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ಬರುವ ಹೊಗೆಯೂ ವಿಷ. ಯಾವ ಬ್ಯಾಟರಿ ಸರಿಯಾಗಿ ಮಾಡಿದ್ದು, ಯಾವುದು ಕಳಪೆ, ಯಾವುದು ಒಮ್ಮೆ ಬಿದ್ದು ಒಳಗೆ ಪೆಟ್ಟಾಗಿರುವುದು, ಇದನ್ನು ಬಾಗಿಲಲ್ಲಿ ನಿಂತ ಕಂಡಕ್ಟರ್ ಹೇಗೆ ತಿಳಿಯಬೇಕು? ತಿಳಿಯಲು ಆಗುವುದಿಲ್ಲ. ಹಾಗಾಗಿ ಸದ್ಯಕ್ಕೆ ನಿಷೇಧವೇ ಸರಿ ಎನ್ನುವ ಕಡೆ ನಾನಿದ್ದೇನೆ. ಆದರೆ ಬೇಡ ಅನ್ನುವವರು ಬಸ್ ಸ್ಟಾಪಿನಲ್ಲಿ ಅದನ್ನು ಬೀಗ ಹಾಕಿ ಬಿಟ್ಟು ಹೋಗಲು ಒಂದು ಜಾಗವನ್ನೂ ಮಾಡಿಕೊಡಬೇಕು. ಬರೀ ಬೇಡ ಎಂದರೆ ಆ ಮನುಷ್ಯ ಕೆಲಸಕ್ಕೆ ಹೇಗೆ ಹೋಗಬೇಕು?

ಲಂಡನ್ನಿನವರು ಒಂದನ್ನು ಸರಿಯಾಗಿ ಮಾಡಿದರು. ನಡೆಯಲಾಗದವರು ಬಳಸುವ ಬ್ಯಾಟರಿ ಗಾಲಿಕುರ್ಚಿಯನ್ನು ಈ ನಿಷೇಧದೊಳಗೆ ತರಲಿಲ್ಲ. ಬ್ಯಾಟರಿ ಎಂಬ ಹೆಸರು ನೋಡಿ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದರೆ ಆ ಜನ ಮನೆಯಲ್ಲೇ ಉಳಿಯಬೇಕಾಗುತ್ತಿತ್ತು.

ಗಾಲಿಕುರ್ಚಿಯ ಮಾತು ಬಂದಿತಲ್ಲ, ಅದಕ್ಕೆಂದು ಬಿಟ್ಟಿರುವ ಜಾಗದ ಕತೆಯನ್ನು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಡಗ್ ಪೌಲಿ ಎಂಬ ಗಾಲಿಕುರ್ಚಿ ಬಳಸುವವರು 2012ರ ಫೆಬ್ರವರಿಯಲ್ಲಿ ವೆದರ್ಬಿಯಿಂದ ಲೀಡ್ಸ್‌ಗೆ ಹೋಗಲು ಬಸ್ ಹತ್ತಲು ಬಂದರು. ಗಾಲಿಕುರ್ಚಿಯ ಜಾಗದಲ್ಲಿ ಒಬ್ಬ ತಾಯಿ ಮಗುವಿನ ತಳ್ಳುಗಾಡಿ ಇಟ್ಟಿದ್ದರು. ಮಗು ಮಲಗಿತ್ತು. ಡ್ರೈವರ್ ಕೇಳಿಕೊಂಡರು, ತಾಯಿ ಗಾಡಿ ಮಡಚಲಾಗುವುದಿಲ್ಲ ಎಂದರು. ಪೌಲಿ ಕೆಳಗೇ ಉಳಿದರು. ಅವರು ಸುಮ್ನೆ ಬಿಡಲಿಲ್ಲ, ಕೋರ್ಟಿಗೆ ಹೋದರು. 2017ರ ಜನವರಿ 18ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೀ "ದಯವಿಟ್ಟು ಸರಿಯಿರಿ" ಎಂದು ಒಮ್ಮೆ ಕೇಳಿ ಕೈಬಿಟ್ಟರೆ ಸಾಲದು, ಕಾರಣವಿಲ್ಲದೆ ಒಪ್ಪದಿದ್ದರೆ ಡ್ರೈವರ್ ಇನ್ನೂ ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸನ್ನೇ ನಿಲ್ಲಿಸಿಕೊಳ್ಳಬೇಕು ಎಂದಿತು. ಆದರೆ ಆ ಪ್ರಯಾಣಿಕರನ್ನು ಕೆಳಗಿಳಿಸಲೇಬೇಕು ಎಂದು ಹೇಳಲಿಲ್ಲ.

ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಆ ತಾಯಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮಲಗಿದ ಮಗು, ಒಂದು ಕೈಯಲ್ಲಿ ಚೀಲ, ಓಲಾಡುವ ಬಸ್. ಯಾರಿಗೆ ಸುಲಭ? ಆದರೂ ಜಾಗ ಗಾಲಿಕುರ್ಚಿಯದು. ಮಗುವನ್ನು ಎತ್ತಿಕೊಳ್ಳಬಹುದು, ತಳ್ಳುಗಾಡಿಯನ್ನು ಮಡಚಬಹುದು. ಗಾಲಿಕುರ್ಚಿಯಲ್ಲಿರುವವರು ತಮ್ಮ ಕಾಲನ್ನು ಮಡಚಿ ಬದಿಗಿಡಲು ಆಗುವುದಿಲ್ಲ. ಇಲ್ಲಿ ನಾವು ಮಾಡಬೇಕಾದ್ದೂ ಇದೆ. ತಾಯಿ ಎದ್ದಾಗ ಪಕ್ಕದವರು ಚೀಲ ಹಿಡಿಯಬೇಕು, ಸೀಟು ಬಿಡಬೇಕು. ನಿಯಮ ಡ್ರೈವರ್ ಬಾಯಲ್ಲಿದ್ದರೆ ಸಾಲದು, ನಮ್ಮ ಕೈಯೂ ಮುಂದೆ ಬರಬೇಕು. ಮತ್ತೆ ಆ ಜಾಗದಲ್ಲಿ ಸೂಟ್‌ಕೇಸ್ ನಿಲ್ಲಿಸಿ ಕಿಟಕಿ ಆಚೆ ನೋಡುವವರಿಗೆ ನನ್ನ ಬಳಿ ಯಾವ ರಿಯಾಯಿತಿಯೂ ಇಲ್ಲ.

ತಿಂಡಿ, ಕಾಫಿ, ವಾಸನೆಯ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಆದರೆ ಸಿಯೋಲ್ ನಗರ ಮಾಡಿದ್ದು ಇಷ್ಟವಾಯಿತು. 2018ರ ಜನವರಿಯಲ್ಲಿ ಚೆಲ್ಲುವಂಥ ಲೋಟ ಹಿಡಿದು ಬಂದವರನ್ನು ಬಸ್ ಡ್ರೈವರ್ ಹತ್ತಿಸಿಕೊಳ್ಳದೆ ಇರಬಹುದು ಎಂಬ ನಿಯಮ ತಂದರು. ಬಾಗಿಲಲ್ಲಿ ಜಗಳ ಶುರುವಾಯಿತು, ಯಾವುದು ಸರಿ ಯಾವುದು ತಪ್ಪು ಎಂದು. ಏಪ್ರಿಲ್ ಹೊತ್ತಿಗೆ ಬಿಡಿಸಿ ಹೇಳಿದರು. ಬಿಸಾಡುವ ಲೋಟದಲ್ಲಿ ಪಾನೀಯ ಬೇಡ, ಮುಚ್ಚಳ ಬಿಗಿಯಾದ ಬಾಟಲಿ ಸರಿ. ಕಟ್ಟಿ ಒಯ್ಯುವ ತರಕಾರಿ ಸರಿ. ಇಷ್ಟು ಬಿಡಿಸಿ ಹೇಳಿದರೆ ವಾದ ಮಾಡಲು ಏನು ಉಳಿಯುತ್ತದೆ?

ಬಸ್ಸಿನಲ್ಲಿ ಸಾಮಾನು ಒಯ್ಯುವವರು ಯಾರು? ಬೇರೆ ಗಾಡಿ ಇಲ್ಲದವರು. ಕಾರಿದ್ದರೆ ಅಕ್ಕ ಮೆಷಿನನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಅವಳ ದುಡಿಮೆ ಆ ಮೆಷಿನ್. ಅದು ಒಂದು ದಿನ ತಡವಾದರೆ ಒಂದು ದಿನದ ಕೂಲಿ ಹೋಯಿತು. ಗಾರೆ ಕೆಲಸದವರ ಸಲಕರಣೆ, ಪ್ಲಂಬರ್ ಚೀಲ, ವಾದ್ಯ ನುಡಿಸುವವರ ಪೆಟ್ಟಿಗೆ, ಎಲ್ಲ ಹೀಗೆಯೇ. ಚೂಪಾದದ್ದಕ್ಕೆ ಒರೆ ಹಾಕಿ, ಉದ್ದದ್ದನ್ನು ನೆಟ್ಟಗೆ ಹಿಡಿದುಕೊಳ್ಳಿ, ಜನ ಜಾಸ್ತಿ ಇದ್ದರೆ ಮುಂದಿನ ಬಸ್ಸಿಗೆ ಬನ್ನಿ ಎಂದರೆ ಅದು ನಿಯಮ. ನಿಮ್ಮದು ಬೇಡ, ಇಳೀರಿ ಎನ್ನುವುದು ನಿಯಮವಲ್ಲ.

ಕಂಡಕ್ಟರ್ ಕಡೆಯಿಂದಲೂ ನೋಡಬೇಕು. ಅವರ ಬಳಿ ತಕ್ಕಡಿ ಇಲ್ಲ, ಅಳತೆ ಟೇಪ್ ಇಲ್ಲ. ದಿನಕ್ಕೆ ನೂರಾರು ಜನ, ನೂರಾರು ಚೀಲ. ಬಿಟ್ಟರೆ ಮೇಲಿನವರು ಬೈಯುತ್ತಾರೆ, ಬಿಡದಿದ್ದರೆ ನಾವು ಬೈಯುತ್ತೇವೆ. ಅವರ ಕೈಗೆ ಒಂದು ಸ್ಪಷ್ಟ ಹಾಳೆ ಕೊಡಿ. ಅದೇ ಹಾಳೆಯನ್ನು ಚಿತ್ರಗಳ ಸಮೇತ ಬಸ್ಸಿನ ಹೊರಗೆ ಬಾಗಿಲ ಪಕ್ಕ ಅಂಟಿಸಿ, ಸ್ಟಾಪಿನಲ್ಲಿ ಅಂಟಿಸಿ, ಓದು ಬಾರದವರಿಗೂ ತಿಳಿಯಲಿ. ಆಗ "ರೂಲ್ಸ್ ಇದೆ" ಎಂದಾಗ ಅವರು ಬೆರಳು ತೋರಿಸಬಹುದು, ನಾನು ಓದಬಹುದು.

ಕೆಲವು ವಾರಗಳ ನಂತರ ಇನ್ನೊಂದು ಬಸ್ಸಿನಲ್ಲಿ ಮತ್ತೆ ಅದೇ ವಾಸನೆ ಬಂತು. ಈ ಸಲ ಎದ್ದೆ. "ಅಣ್ಣ, ಯಾರೋ ಪೆಟ್ರೋಲ್ ಇಟ್ಕೊಂಡಿದ್ದಾರೆ, ನೋಡಿ" ಎಂದು ಕಂಡಕ್ಟರ್‌ಗೆ ಹೇಳಿದೆ. ಒಬ್ಬ ಹುಡುಗ, ಕಾಲೇಜಿನವನಿರಬೇಕು, ನೀರಿನ ಬಾಟಲಿಯಲ್ಲಿ ಎರಡು ಲೀಟರ್ ತುಂಬಿಸಿಕೊಂಡಿದ್ದ. ಕಂಡಕ್ಟರ್ ಬಸ್ ನಿಲ್ಲಿಸಿ ಅವನನ್ನು ಇಳಿಸಿದರು. ಹುಡುಗನ ಮುಖ ಕೆಂಪಾಗಿತ್ತು. ಕೆಳಗೆ ನಿಂತು ಕೇಳಿದ, "ಹತ್ತುವಾಗಲೇ ಹೇಳಬಾರದಿತ್ತಾ ಸರ್? ಎಲ್ಲಾದ್ರೂ ಬರ್ದಿದೀರಾ?"

ನಾನು ಬಾಗಿಲ ಸುತ್ತ ಕಣ್ಣಾಡಿಸಿದೆ. ಧೂಮಪಾನ ಮಾಡಬಾರದು ಎಂದು ಬರೆದಿತ್ತು. ಬೇರೇನೂ ಇರಲಿಲ್ಲ.